ಎಣಿಸುತ್ತಿರುವುದು ಏನನ್ನು? ಸಂವೇದಕದ ಘಟಕವಾಗಿ ‘ಪಿಕ್ಸೆಲ್’: ಒಂದು ಪರಿಭಾಷಾ ವಿಮರ್ಶೆ

ಸಾರಾಂಶ

‘ಪಿಕ್ಸೆಲ್’ ಎಂಬ ಪಾರಿಭಾಷಿಕ ಪದವು ಚಿತ್ರದ ಮಾದರಿ ಮೌಲ್ಯವನ್ನೂ ಪರದೆಯ ಬೆಳಗುವ ಅಂಶವನ್ನೂ ಚಿತ್ರ ಸಂವೇದಕದ ಬೆಳಕುಗ್ರಾಹಿ ಘಟಕವನ್ನೂ ಸೂಚಿಸುತ್ತದೆ. ಇವುಗಳಲ್ಲಿ ಮೂರನೆಯದನ್ನು ದುರ್ಬಳಕೆ ಎಂದು ತಳ್ಳಿಹಾಕುವ ನಿಲುವನ್ನೂ, ಬೇರೊಂದು ಪದವನ್ನು ತಂದರೆ ಗೊಂದಲ ತೀರುತ್ತದೆ ಎಂಬ ನಿಲುವನ್ನೂ ಪ್ರಸ್ತುತ ಲೇಖನವು ಪರಿಶೀಲಿಸುತ್ತದೆ. ಸಂವೇದಕದ ಸಂದರ್ಭದಲ್ಲಿ ಈ ಪದಕ್ಕೆ ಎರಡು ಎಣಿಕೆಯ ನಿಯಮಗಳಿವೆ. ತೊಡಕಿನ ಮೂಲ ಅನೇಕಾರ್ಥತೆಯಲ್ಲಿಲ್ಲ, ಈ ಎರಡು ನಿಯಮಗಳನ್ನು ನಿಘಂಟುಗಳು ಹೇಳದೆ ಬಿಡುವುದರಲ್ಲಿದೆ ಎಂಬುದು ಇಲ್ಲಿನ ಪ್ರತಿಪಾದನೆ. ಕೊನೆಯ ಭಾಗದಲ್ಲಿ ಈ ಪದದ ಕನ್ನಡೀಕರಣದ ಪ್ರಶ್ನೆಯನ್ನು ಇದೇ ಹಿನ್ನೆಲೆಯಲ್ಲಿ ಚರ್ಚಿಸಲಾಗಿದೆ.

ಕೀಲಿಪದಗಳು: ಪಾರಿಭಾಷಿಕ ಪದ, ಅನೇಕಾರ್ಥತೆ, ಲಕ್ಷಣಾವೃತ್ತಿ, ಯೌಗಿಕ ಮತ್ತು ರೂಢ, ಎಣಿಕೆಯ ನಾಮಪದ, ಅಳತೆಯ ನಾಮಪದ, ಚಿತ್ರ ಸಂವೇದಕ

1. ಸಮಸ್ಯೆಯ ಸ್ವರೂಪ

ಒಂದು ಪರಿಕಲ್ಪನೆಗೆ ಒಂದೇ ಪದ, ಒಂದು ಪದಕ್ಕೆ ಒಂದೇ ಪರಿಕಲ್ಪನೆ ಎಂಬುದು ಆಸ್ಟ್ರಿಯದ ಯೂಗೆನ್ ವ್ಯೂಸ್ಟರ್ ಅವರಿಂದ ಮೊದಲ್ಗೊಂಡ ಪರಿಭಾಷಾಶಾಸ್ತ್ರದ ಆದರ್ಶ. ಮರಿಯಾ ತೆರೆಸಾ ಕಬ್ರೆ, ರೀಟಾ ಟೆಮ್ಮರ್‌ಮನ್ ಮುಂತಾದ ವಿದ್ವಾಂಸರು ಈ ಆದರ್ಶವನ್ನು ಪ್ರಶ್ನಿಸಿದ್ದಾರೆ. ಪಾರಿಭಾಷಿಕ ಪದಗಳೂ ಭಾಷೆಯ ಪದಗಳೇ. ಅವುಗಳಿಗೂ ಅರ್ಥವಿಸ್ತರಣೆ ಉಂಟು, ಚರಿತ್ರೆ ಉಂಟು, ಬಳಸುವ ಸಮುದಾಯಗಳ ಭೇದ ಉಂಟು ಎಂಬುದು ಈಗ ಬಹುಮಟ್ಟಿಗೆ ಒಪ್ಪಿತವಾದ ಮಾತು. ಆದರೂ ಈ ಒಪ್ಪಿಗೆಯಿಂದ ಒಂದು ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಪದವೊಂದು ಎಣಿಕೆಗೆ ಒಳಪಟ್ಟಾಗ, ಆ ಎಣಿಕೆಯ ಫಲಿತವು ಬೆಲೆಯನ್ನೂ ಗುಣಮಟ್ಟವನ್ನೂ ಸೂಚಿಸುವ ಸಂಖ್ಯೆಯಾಗಿ ಪೆಟ್ಟಿಗೆಯ ಮೇಲೆ ಅಚ್ಚಾದಾಗ, ಅನೇಕಾರ್ಥತೆಯು ಸಹಜವೆಂದು ಹೇಳಿ ಸುಮ್ಮನಾಗಲು ಸಾಧ್ಯವೆ?

‘ಪಿಕ್ಸೆಲ್’ ಅಂಥ ಪದ. ಕ್ಯಾಮೆರಾ, ದೂರವಾಣಿ, ದೂರದರ್ಶಕ, ಉಪಗ್ರಹ ಇವೆಲ್ಲವುಗಳ ಸಂವೇದಕಗಳನ್ನು ವರ್ಣಿಸುವಾಗ ಮೊದಲು ಹೇಳುವ ಸಂಖ್ಯೆ ಪಿಕ್ಸೆಲ್‌ಗಳದ್ದು. ಸಾಮಾನ್ಯ ನಿಘಂಟುಗಳು ಇದನ್ನು ಚಿತ್ರವೊಂದರ ಅತ್ಯಂತ ಚಿಕ್ಕ ಅಂಶ ಎಂಬ ಧಾಟಿಯಲ್ಲಿ ನಿರೂಪಿಸುತ್ತವೆ. ಈ ನಿರೂಪಣೆಯು ಸಂವೇದಕಕ್ಕೆ ಹೊಂದುವುದಿಲ್ಲ, ಏಕೆಂದರೆ ಸಂವೇದಕದಲ್ಲಿ ಚಿತ್ರವಿರುವುದಿಲ್ಲ. ಅಲ್ಲಿರುವುದು ಬೆಳಕನ್ನು ವಿದ್ಯುದಾವೇಶವಾಗಿ ಪರಿವರ್ತಿಸುವ ಸಿಲಿಕಾನ್ ಘಟಕಗಳ ಸಾಲುಗಳು. ಅವುಗಳಿಗೆ ಈ ಹೆಸರು ಹೇಗೆ ಬಂದಿತು, ಯಾವ ನಿಯಮದಂತೆ ಅವುಗಳನ್ನು ಒಂದೊಂದಾಗಿ ಬೇರ್ಪಡಿಸಿ ಎಣಿಸುತ್ತೇವೆ ಎಂಬುದನ್ನು ಕೇಳಿಕೊಳ್ಳಬೇಕಾಗಿದೆ.

2. ಮಾದರಿ ಮೌಲ್ಯದಿಂದ ಘಟಕದ ಕಡೆಗೆ

ಪದದ ಚರಿತ್ರೆಯನ್ನು ಕೂಲಂಕಷವಾಗಿ ಶೋಧಿಸಿದವರು ರಿಚರ್ಡ್ ಲಯನ್. 2006ರಲ್ಲಿ ಅವರು ಮಂಡಿಸಿದ ಪ್ರಬಂಧದ ಪ್ರಕಾರ ‘ಪಿಕ್ಸೆಲ್’ ಮೊದಲು ಅಚ್ಚಾದದ್ದು 1965ರಲ್ಲಿ, ಅಮೆರಿಕದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಫ್ರೆಡ್ ಬಿಲ್ಲಿಂಗ್ಸ್ಲಿ ಅವರ ಎರಡು ಲೇಖನಗಳಲ್ಲಿ. ಇದಕ್ಕೆ ಹಿಂದೆ ದೂರದರ್ಶನ ತಂತ್ರಜ್ಞರಲ್ಲಿ ‘ಪಿಕ್ಚರ್ ಎಲಿಮೆಂಟ್’ ಎಂಬ ಎರಡು ಪದಗಳ ರೂಪವು ಬಳಕೆಯಲ್ಲಿತ್ತು. ಜರ್ಮನ್ ಭಾಷೆಯಲ್ಲಿ ‘ಬಿಲ್ಡ್‌ಪುಂಕ್ಟ್’, ಅಂದರೆ ಚಿತ್ರದ ಚುಕ್ಕೆ, ಎಂಬ ಸಮಾಸವಿತ್ತು. ಪತ್ರಿಕಾಭಾಷೆಯ ‘ಪಿಕ್ಸ್’ ಎಂಬ ಸಂಕ್ಷಿಪ್ತ ರೂಪವನ್ನು ‘ಎಲಿಮೆಂಟ್’ ಪದದ ಮೊದಲ ಭಾಗದೊಂದಿಗೆ ಬೆಸೆದು ಹೊಸ ಪದವನ್ನು ಕಟ್ಟಲಾಯಿತು. 1967ರಲ್ಲಿ ವಿಲಿಯಂ ಶ್ರೈಬರ್ ಬಳಸಿದ ‘ಪೆಲ್’ ಎಂಬ ಪ್ರತಿಸ್ಪರ್ಧಿ ಕೆಲಕಾಲ ಜೊತೆಯಲ್ಲಿ ನಡೆದು ಹಿಂದೆ ಸರಿಯಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. 1965ರಲ್ಲಿ ಮ್ಯಾರಿನರ್ 4 ನೌಕೆಯು ಮಂಗಳ ಗ್ರಹದಿಂದ ಕಳುಹಿಸಿದ ಚಿತ್ರಗಳು 200 ಸಾಲುಗಳಾಗಿದ್ದು, ಪ್ರತಿ ಸಾಲಿನಲ್ಲೂ 200 ಅಂಶಗಳಿದ್ದುವು. ಒಂದು ಚಿತ್ರಕ್ಕೆ 40,000. ಆದರೆ ಆ ನೌಕೆಯ ಕ್ಯಾಮೆರಾದಲ್ಲಿ 40,000 ಘಟಕಗಳಿರಲಿಲ್ಲ. ಅದರಲ್ಲಿದ್ದದ್ದು ವಿಡಿಕಾನ್ ಕೊಳವೆ. ಅದರ ಬೆಳಕುಗ್ರಾಹಿ ಮೇಲ್ಮೈ ಅಖಂಡವಾದದ್ದು. ಇಲೆಕ್ಟ್ರಾನ್ ಕಿರಣವು ಅದರ ಮೇಲೆ ಸಾಲುಸಾಲಾಗಿ ಹರಿದಾಗ ದೊರೆತ ಸಂಕೇತವನ್ನು ನಿಯತ ಅಂತರದಲ್ಲಿ ಅಳೆದು ಸಂಖ್ಯೆಗಳನ್ನಾಗಿ ಮಾಡಲಾಗುತ್ತಿತ್ತು. ಹೀಗಾಗಿ ಪದವು ಹುಟ್ಟಿದ ಕಾಲದ ಉಪಕರಣಗಳಲ್ಲಿ ‘ಪಿಕ್ಸೆಲ್’ಗೆ ಪ್ರತಿಯಾಗಿ ಬೆರಳಿಟ್ಟು ತೋರಿಸಬಹುದಾದ ವಸ್ತುವೇ ಇರಲಿಲ್ಲ. ಅದು ಅಳತೆಯ ಫಲವೇ ಹೊರತು ಅಳೆಯುವ ಅಂಗವಲ್ಲ.

ಘಟಕದ ಅರ್ಥಕ್ಕೆ ಎಡೆ ದೊರೆತದ್ದು ಘನಸ್ಥಿತಿಯ ಸಂವೇದಕಗಳಿಂದ. 1969ರಲ್ಲಿ ಬೆಲ್ ಲ್ಯಾಬ್ಸ್‌ನ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಸಿಸಿಡಿಯನ್ನು ರೂಪಿಸಿದರು. ಇಂಥ ಸಂವೇದಕದ ಮೇಲ್ಮೈ ಅಖಂಡವಲ್ಲ. ಅದು ಸಾಲು ಮತ್ತು ಕಂಬಗಳಲ್ಲಿ ವಿಭಾಗಗೊಂಡಿದೆ. ಒಂದೊಂದು ವಿಭಾಗವೂ ಚಿತ್ರದ ಒಂದೊಂದು ಅಂಶಕ್ಕೆ ಮೌಲ್ಯವನ್ನು ಒದಗಿಸುತ್ತದೆ. ಕಾರ್ಯದ ಹೆಸರು ಕಾರಣಕ್ಕೆ ಸಂದಿತು. ನಮ್ಮ ಆಲಂಕಾರಿಕರ ಮಾತಿನಲ್ಲಿ ಇದು ಕಾರ್ಯಕಾರಣ ಸಂಬಂಧವನ್ನು ಆಧರಿಸಿದ ಲಕ್ಷಣೆ. ಕ್ರಮೇಣ ಅದು ರೂಢಿಯಾಗಿ ನಿಂತಿತು. 1993ರಲ್ಲಿ ಎರಿಕ್ ಫೊಸ್ಸಮ್ ‘ಆಕ್ಟಿವ್ ಪಿಕ್ಸೆಲ್ ಸೆನ್ಸರ್’ ಬಗೆಗೆ ಬರೆದ ಪ್ರಬಂಧದ ಹೊತ್ತಿಗೆ ‘ಪಿಕ್ಸೆಲ್’ ಒಳಗೆ ಟ್ರಾನ್ಸಿಸ್ಟರುಗಳಿವೆ ಎಂದು ಹೇಳುವುದು ತಂತ್ರಜ್ಞರಿಗೆ ಸಹಜವಾಗಿತ್ತು. ಮೂರು ಟ್ರಾನ್ಸಿಸ್ಟರಿನ ಪಿಕ್ಸೆಲ್, ನಾಲ್ಕು ಟ್ರಾನ್ಸಿಸ್ಟರಿನ ಪಿಕ್ಸೆಲ್ ಎಂಬ ವರ್ಗೀಕರಣವೂ ನೆಲೆಗೊಂಡಿತು. ಮಾದರಿ ಮೌಲ್ಯವೊಂದರ ಒಳಗೆ ಟ್ರಾನ್ಸಿಸ್ಟರ್ ಇರಲಾರದು. ಘಟಕದ ಒಳಗೆ ಮಾತ್ರ ಇರಬಹುದು. ಫೊಸ್ಸಮ್ ಆಗ ಕೆಲಸ ಮಾಡುತ್ತಿದ್ದುದೂ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿಯೇ. ಒಂದೇ ಸಂಸ್ಥೆಯ ಬರಹದಲ್ಲಿ, ಮೂರು ದಶಕಗಳ ಅಂತರದಲ್ಲಿ, ಪದವು ಸಂಖ್ಯೆಯಿಂದ ವಸ್ತುವಿಗೆ ದಾಟಿರುವುದನ್ನು ಇಲ್ಲಿ ಕಾಣುತ್ತೇವೆ.

3. ‘ದುರ್ಬಳಕೆ’ ಎಂಬ ಆಕ್ಷೇಪ

ಈ ದಾಟುವಿಕೆಯನ್ನು ಒಪ್ಪದವರಲ್ಲಿ ಪ್ರಮುಖರು ಗಣಕ ಚಿತ್ರಕಲೆಯ ಪ್ರವರ್ತಕರಲ್ಲೊಬ್ಬರಾದ ಆಲ್ವಿ ರೇ ಸ್ಮಿತ್. ಪಿಕ್ಸೆಲ್ ಪುಟ್ಟ ಚೌಕವಲ್ಲ ಎಂಬ ವಾಕ್ಯವನ್ನು ಮೂರು ಬಾರಿ ಶೀರ್ಷಿಕೆಯಲ್ಲಿಯೇ ಹೇಳಿದ ಅವರ 1995ರ ಟಿಪ್ಪಣಿ ಪ್ರಸಿದ್ಧವಾಗಿದೆ. 2021ರಲ್ಲಿ ಪ್ರಕಟವಾದ ಪಿಕ್ಸೆಲ್‌ನ ಜೀವನಚರಿತ್ರೆ ಎಂಬರ್ಥದ ಹೆಸರಿನ ಗ್ರಂಥದಲ್ಲಿ ಅವರು ಇದೇ ನಿಲುವನ್ನು ವಿಸ್ತರಿಸಿದ್ದಾರೆ. ಪಿಕ್ಸೆಲ್ ಎಂದರೆ ದೃಶ್ಯಕ್ಷೇತ್ರದ ಒಂದು ಬಿಂದುವಿನಲ್ಲಿ ತೆಗೆದ ಮಾದರಿ. ಅದಕ್ಕೆ ಆಕಾರವಿಲ್ಲ, ಅದು ಕಣ್ಣಿಗೆ ಕಾಣುವಂಥದ್ದಲ್ಲ. ಪರದೆಯ ಮೇಲೆ ಬೆಳಗುವುದು ಬೇರೆಯೇ ಒಂದು ಅಂಶ ಎಂಬುದು ಅವರ ವಾದದ ತಿರುಳು. ಈ ವಾದವನ್ನು ಅವರು 1933ರ ಕೊಟೆಲ್ನಿಕೋವ್ ಅವರ ಮಾದರೀಕರಣ ಪ್ರಮೇಯದ ಮೇಲೆ ನಿಲ್ಲಿಸುತ್ತಾರೆ.

ಗಣಿತದ ದೃಷ್ಟಿಯಿಂದ ಸ್ಮಿತ್ ಅವರ ಮಾತು ಸರಿ. ಚಿತ್ರವನ್ನು ಹಿಗ್ಗಿಸುವಾಗ, ತಿರುಗಿಸುವಾಗ ಪಿಕ್ಸೆಲ್‌ಗಳನ್ನು ಚೌಕಗಳೆಂದು ಭಾವಿಸಿದರೆ ತಪ್ಪು ಫಲಿತಾಂಶ ದೊರೆಯುತ್ತದೆ. ಚರಿತ್ರೆಯೂ ಅವರ ಪಕ್ಷದಲ್ಲಿದೆ ಎಂಬುದನ್ನು ವಿಡಿಕಾನ್‌ನ ಉದಾಹರಣೆ ತೋರಿಸುತ್ತದೆ. ಆದರೆ ಈ ಎರಡರಿಂದಲೂ ಸಂವೇದಕದ ಬಳಕೆಯು ದುರ್ಬಳಕೆ ಎಂಬ ನಿಗಮನವು ದೊರೆಯುವುದಿಲ್ಲ. ಮೊದಲ ಅರ್ಥವೇ ಸಾಧುವಾದ ಅರ್ಥ ಎಂಬುದು ನಿರುಕ್ತಿಯ ಭ್ರಮೆ. ಅಲ್ಲದೆ ಪದಸಹಚಾರದ ಸಾಕ್ಷ್ಯವು ಅವರಿಗೆ ಪ್ರತಿಕೂಲವಾಗಿದೆ. ಸಂವೇದಕದ ತಂತ್ರಜ್ಞರು ಪಿಕ್ಸೆಲ್‌ನ ಅಗಲವನ್ನು ಮೈಕ್ರೊಮೀಟರ್‌ಗಳಲ್ಲಿ ಹೇಳುತ್ತಾರೆ; ಅದು ಎಷ್ಟು ಇಲೆಕ್ಟ್ರಾನುಗಳನ್ನು ತುಂಬಿಕೊಳ್ಳಬಲ್ಲದು ಎಂದು ಅಳೆಯುತ್ತಾರೆ; ‘ಸತ್ತ’ ಪಿಕ್ಸೆಲ್, ‘ಬಿಸಿ’ ಪಿಕ್ಸೆಲ್ ಎಂದು ದೋಷಗಳನ್ನು ಹೆಸರಿಸುತ್ತಾರೆ. ಅಗಲ, ಧಾರಣಶಕ್ತಿ, ಕೆಡುವಿಕೆ ಇವು ವಸ್ತುವಿನ ಧರ್ಮಗಳು. ಇಷ್ಟು ವ್ಯವಸ್ಥಿತವಾದ ವಿಶೇಷಣಗಳ ಕುಟುಂಬವನ್ನು ಹೊಂದಿರುವ ಅರ್ಥವನ್ನು ಅಸಡ್ಡೆಯ ಫಲವೆನ್ನಲಾಗದು. ಅದೊಂದು ಸ್ವತಂತ್ರವಾದ, ನೆಲೆಗೊಂಡ ಪಾರಿಭಾಷಿಕ ಅರ್ಥ.

ಹಾಗಾದರೆ ಇದು ಸಾಧಾರಣ ಅನೇಕಾರ್ಥತೆ, ಸಂದರ್ಭವೇ ಅರ್ಥವನ್ನು ನಿರ್ಣಯಿಸುತ್ತದೆ ಎಂದು ಮುಗಿಸಬಹುದಲ್ಲ? ಸಂದರ್ಭವು ಯಾವ ಜಾತಿಯ ವಸ್ತುವಿನ ಬಗ್ಗೆ ಮಾತಾಗುತ್ತಿದೆ ಎಂಬುದನ್ನು ನಿರ್ಣಯಿಸುತ್ತದೆ, ನಿಜ. ಆದರೆ ಆ ಜಾತಿಯ ವಸ್ತುಗಳು ಎಷ್ಟಿವೆ ಎಂಬುದನ್ನು ಅದು ನಿರ್ಣಯಿಸುವುದಿಲ್ಲ. ವಿವಾದವಿರುವುದು ಇಲ್ಲಿಯೇ.

4. ಎಣಿಕೆಯ ಎರಡು ನಿಯಮಗಳು

ಸಂವೇದಕದ ಮೇಲೆ ಪಿಕ್ಸೆಲ್‌ಗಳನ್ನು ಬೇರ್ಪಡಿಸಲು ಎರಡು ನಿಯಮಗಳಿವೆ. ಮೊದಲನೆಯದು ರಚನೆಯ ನಿಯಮ: ಸಿಲಿಕಾನ್ ಮೇಲೆ ಮರುಕಳಿಸುವ ಘಟಕ ಒಂದಾದರೆ ಪಿಕ್ಸೆಲ್ ಒಂದು. ಎರಡನೆಯದು ಪ್ರಯೋಜನದ ನಿಯಮ: ಸಿದ್ಧಚಿತ್ರದಲ್ಲಿ ಒಂದು ಸ್ಥಾನವನ್ನು ತುಂಬಲು ಒದಗುವುದು ಒಂದು ಪಿಕ್ಸೆಲ್. ಕಪ್ಪು ಬಿಳುಪಿನ ಸರಳ ಸಂವೇದಕದಲ್ಲಿ ಎರಡೂ ಒಂದೇ ಸಂಖ್ಯೆಯನ್ನು ಕೊಡುತ್ತವೆಯಾದ್ದರಿಂದ ಭೇದವು ಗೋಚರಿಸದು. ಬಣ್ಣ ಬಂದ ಕೂಡಲೇ ಅವು ಬೇರಾಗತೊಡಗುತ್ತವೆ.

ಕೋಡಾಕ್ ಸಂಸ್ಥೆಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ವಿನ್ಯಾಸವು ಇಂದಿಗೂ ಬಹುಪಾಲು ಕ್ಯಾಮೆರಾಗಳ ಆಧಾರ. ಪ್ರತಿ ಘಟಕದ ಮೇಲೂ ಒಂದೇ ಬಣ್ಣದ ಶೋಧಕವಿರುತ್ತದೆ. ಅರ್ಧದಷ್ಟು ಹಸಿರು, ಕಾಲುಭಾಗ ಕೆಂಪು, ಕಾಲುಭಾಗ ನೀಲಿ. 12 ಮೆಗಾಪಿಕ್ಸೆಲ್ ಎಂದು ಹೇಳಿದ ಸಂವೇದಕದಲ್ಲಿ 60 ಲಕ್ಷ ಹಸಿರು, 30 ಲಕ್ಷ ಕೆಂಪು, 30 ಲಕ್ಷ ನೀಲಿ ಘಟಕಗಳಿರುತ್ತವೆ. ಆದರೆ ಸಿದ್ಧಚಿತ್ರದ ಪ್ರತಿ ಪಿಕ್ಸೆಲ್‌ಗೂ ಮೂರು ಬಣ್ಣಗಳ ಮೌಲ್ಯಗಳು ಬೇಕು. ಒಂದನ್ನು ಮಾತ್ರ ಅಳೆದು ಉಳಿದೆರಡನ್ನು ನೆರೆಯ ಘಟಕಗಳಿಂದ ಲೆಕ್ಕ ಹಾಕಿ ತುಂಬಲಾಗುತ್ತದೆ. ಎಂದರೆ ಚಿತ್ರದ 3 ಕೋಟಿ 60 ಲಕ್ಷ ಮೌಲ್ಯಗಳಲ್ಲಿ 2 ಕೋಟಿ 40 ಲಕ್ಷವು ಅಳತೆಯಿಂದ ಬಂದವಲ್ಲ, ಊಹೆಯಿಂದ ಬಂದವು. ಸಂವೇದಕಕ್ಕೂ ಚಿತ್ರಕ್ಕೂ 12 ಮೆಗಾಪಿಕ್ಸೆಲ್ ಎಂಬ ಒಂದೇ ಮಾತು ಸಲ್ಲುತ್ತದೆ. ಆದರೆ ಎರಡರ ಒಂದೊಂದು ಪಿಕ್ಸೆಲ್ ಒಳಗೊಂಡಿರುವ ಮಾಹಿತಿ ಸಮಾನವಲ್ಲ. ಸಂಖ್ಯೆ ಒಂದೇ ಆಗಿರುವುದರಿಂದಲೇ ಅರ್ಥವೂ ಒಂದೇ ಎಂಬ ಭಾವನೆ ಓದುಗರಲ್ಲಿ ಬೇರೂರಿದೆ.

ಫೊವಿಯಾನ್ ಸಂಸ್ಥೆಯ ಸಂವೇದಕವು ಈ ಭಾವನೆಯನ್ನು ಕಲಕಿತು. ಅದರಲ್ಲಿ ಒಂದೇ ಸ್ಥಾನದಲ್ಲಿ ಮೂರು ಪದರಗಳಿದ್ದು, ಸಿಲಿಕಾನ್‌ನಲ್ಲಿ ಬೇರೆ ಬೇರೆ ಬಣ್ಣದ ಬೆಳಕು ಬೇರೆ ಬೇರೆ ಆಳಕ್ಕೆ ಇಳಿಯುವುದನ್ನು ಬಳಸಿಕೊಂಡು ಮೂರು ಬಣ್ಣಗಳನ್ನೂ ಅಳೆಯಲಾಗುತ್ತದೆ. ಈ ಬಗೆಯ ಸಂವೇದಕವಿದ್ದ ಸಿಗ್ಮಾ ಎಸ್‌ಡಿ14 ಕ್ಯಾಮೆರಾ ಕೊಡುತ್ತಿದ್ದ ಚಿತ್ರದ ಅಳತೆ 2640 × 1760, ಎಂದರೆ ಸುಮಾರು 46 ಲಕ್ಷ ಸ್ಥಾನಗಳು. ಅದನ್ನು ಮಾರಿದ್ದು 14 ಮೆಗಾಪಿಕ್ಸೆಲ್ ಎಂಬ ಹೆಸರಿನಲ್ಲಿ. ಕೆಲವರು ಇದನ್ನು ಉತ್ಪ್ರೇಕ್ಷೆಯೆಂದು ಟೀಕಿಸಿದರು. ಆದರೆ ಬೇಯರ್ ಸಂವೇದಕದಲ್ಲಿ ಒಂದೇ ಬಣ್ಣವನ್ನು ಅಳೆಯುವ ಘಟಕವನ್ನು ಒಂದು ಪಿಕ್ಸೆಲ್ ಎನ್ನುವುದಾದರೆ, ಇಲ್ಲಿಯೂ ಒಂದೊಂದು ಬಣ್ಣವನ್ನು ಅಳೆಯುವ ಮೂರು ಪದರಗಳನ್ನು ಮೂರು ಎನ್ನದಿರಲು ಏನು ಕಾರಣ? ರಚನೆಯ ನಿಯಮವು 1 ಕೋಟಿ 40 ಲಕ್ಷವನ್ನು ಕೊಡುತ್ತದೆ, ಪ್ರಯೋಜನದ ನಿಯಮವು 46 ಲಕ್ಷವನ್ನು ಕೊಡುತ್ತದೆ. ಎರಡೂ ಸುಳ್ಳಲ್ಲ. ಪದದ ಚರಿತ್ರೆಯನ್ನು ಬರೆದ ಲಯನ್ ಆ ಕಾಲದಲ್ಲಿ ಫೊವಿಯಾನ್ ಸಂಸ್ಥೆಯಲ್ಲಿದ್ದವರು ಎಂಬುದನ್ನೂ ಓದುಗರು ಮನಸ್ಸಿನಲ್ಲಿಡಬೇಕು. ಅವರ ಸಂಶೋಧನೆಯ ಪ್ರಾಮಾಣ್ಯವನ್ನು ಇದು ಕುಂದಿಸುವುದಿಲ್ಲ. ಪದಚರಿತ್ರೆಯ ಪ್ರಶ್ನೆಗೆ ಆಗ ಎಷ್ಟು ತೂಕವಿತ್ತು ಎಂಬುದನ್ನು ತೋರಿಸುತ್ತದೆ.

ಪರದೆಯ ಕಡೆಗೆ ನೋಡಿದರೆ ಮತ್ತೊಂದು ಅಸಮತೆ ಕಾಣುತ್ತದೆ. ಪರದೆಯಲ್ಲಿ ಕೆಂಪು, ಹಸಿರು, ನೀಲಿ ಎಂಬ ಮೂರು ಉಪಾಂಶಗಳು ಸೇರಿ ಒಂದು ಪಿಕ್ಸೆಲ್. ಆದರೆ ಕ್ಯಾಮೆರಾಗಳ ಹಿಂಬದಿಯ ಪುಟ್ಟ ಪರದೆಯನ್ನು ವರ್ಣಿಸುವಾಗ ತಯಾರಕರು ಪಿಕ್ಸೆಲ್ ಎನ್ನದೆ ‘ಡಾಟ್’ ಎನ್ನುತ್ತಾರೆ. 640 × 480 ಪಿಕ್ಸೆಲ್‌ಗಳ ಪರದೆಯು ಹೀಗೆ ಸುಮಾರು 9,20,000 ಡಾಟ್‌ಗಳ ಪರದೆಯಾಗುತ್ತದೆ. ಒಂದೇ ಬಣ್ಣದ ಅಂಶಕ್ಕೆ ಕ್ಯಾಮೆರಾದ ಮುಂಬದಿಯಲ್ಲಿ ಪಿಕ್ಸೆಲ್ ಎಂದು ಹೆಸರು, ಹಿಂಬದಿಯಲ್ಲಿ ಡಾಟ್ ಎಂದು ಹೆಸರು. ಎರಡೂ ಕಡೆ ದೊಡ್ಡ ಸಂಖ್ಯೆಯೇ ಮುಂದೆ ಬರುತ್ತದೆ.

ಇದರಿಂದ ಮಾರುಕಟ್ಟೆಯೇ ಪದದ ಅರ್ಥವನ್ನು ನಿರ್ಧರಿಸುತ್ತದೆ ಎಂದು ತೀರ್ಮಾನಿಸುವುದು ಸುಲಭ, ಆದರೆ ಪೂರ್ಣವಾಗಿ ಸರಿಯಲ್ಲ. 2013ರ ಕ್ಯಾನನ್ ಇಒಎಸ್ 70ಡಿ ಕ್ಯಾಮೆರಾದ ಸಂವೇದಕದಲ್ಲಿ ಪ್ರತಿ ಪಿಕ್ಸೆಲ್‌ನೊಳಗೆ ಎರಡು ಫೋಟೊಡಯೋಡುಗಳಿವೆ. ಎರಡರ ಸಂಕೇತಗಳನ್ನು ಹೋಲಿಸಿ ನಾಭೀಕರಣ ನಡೆಯುತ್ತದೆ. ಡಯೋಡುಗಳು 4 ಕೋಟಿಗೂ ಮಿಗಿಲಾದರೂ ತಯಾರಕರು ಹೇಳಿದ ಸಂಖ್ಯೆ 20.2 ಮೆಗಾಪಿಕ್ಸೆಲ್. ಇಲ್ಲಿ ಗೆದ್ದದ್ದು ಪ್ರಯೋಜನದ ನಿಯಮ. ಇದಕ್ಕೆ ತದ್ವಿರುದ್ಧವಾಗಿ, ಬಹುತೇಕ ಸಂವೇದಕಗಳ ಅಂಚಿನಲ್ಲಿ ಬೆಳಕೇ ತಾಗದಂತೆ ಮುಚ್ಚಿದ ಘಟಕಗಳ ಸಾಲುಗಳಿರುತ್ತವೆ. ಕಪ್ಪಿನ ಮಟ್ಟವನ್ನು ತಿಳಿಯಲು ಅವು ಬೇಕು. ಚಿತ್ರದಲ್ಲಿ ಎಂದಿಗೂ ಕಾಣಿಸಿಕೊಳ್ಳದ ಇವುಗಳನ್ನೂ ಪಿಕ್ಸೆಲ್ ಎಂದೇ ಕರೆಯುತ್ತಾರೆ. ಇಲ್ಲಿ ಗೆದ್ದದ್ದು ರಚನೆಯ ನಿಯಮ. ತಾಂತ್ರಿಕ ವಿವರಪಟ್ಟಿಗಳಲ್ಲಿ ‘ಒಟ್ಟು’ ಪಿಕ್ಸೆಲ್, ‘ಪರಿಣಾಮಕಾರಿ’ ಪಿಕ್ಸೆಲ್ ಎಂಬ ಎರಡು ಸಂಖ್ಯೆಗಳಿರುವುದು ಈ ಕಾರಣಕ್ಕಾಗಿ. ಮೊದಲ ವಿಶೇಷಣವು ರಚನೆಯನ್ನೂ ಎರಡನೆಯದು ಪ್ರಯೋಜನವನ್ನೂ ಎಣಿಕೆಗೆ ತರುತ್ತದೆ. ನಿಘಂಟುಗಳು ಹೇಳದ ಭೇದವನ್ನು ವಿವರಪಟ್ಟಿಯ ವಿಶೇಷಣಗಳು ಹೇಳುತ್ತಿವೆ.

2018ರಲ್ಲಿ ಪ್ರಕಟಗೊಂಡ ಸೋನಿ ಐಎಂಎಕ್ಸ್586 ಎಂಬ 48 ಮೆಗಾಪಿಕ್ಸೆಲ್ ಸಂವೇದಕದಲ್ಲಿ ಅಕ್ಕಪಕ್ಕದ ನಾಲ್ಕು ಘಟಕಗಳ ಮೇಲೆ ಒಂದೇ ಬಣ್ಣದ ಶೋಧಕವಿದೆ. ಬೆಳಕು ಕಡಿಮೆಯಿದ್ದಾಗ ನಾಲ್ಕರ ಸಂಕೇತಗಳನ್ನು ಕೂಡಿಸಿ 12 ಮೆಗಾಪಿಕ್ಸೆಲ್ ಚಿತ್ರವನ್ನು ಪಡೆಯಲಾಗುತ್ತದೆ. ಒಂದೇ ಸಿಲಿಕಾನ್ ಫಲಕವು ಬೆಳಕಿಗೆ ಅನುಗುಣವಾಗಿ ಎರಡು ಸಂಖ್ಯೆಗಳನ್ನು ಹೊಂದುವ ಸ್ಥಿತಿ ಇದು. ಪ್ರಯೋಜನದ ನಿಯಮದಂತೆ ಎಣಿಸುವವರಿಗೆ ಸಂವೇದಕದ ಪಿಕ್ಸೆಲ್ ಸಂಖ್ಯೆಯೇ ಸ್ಥಿರವಲ್ಲ.

5. ಪರ್ಯಾಯ ಪದಗಳ ಪ್ರಶ್ನೆ

ಈ ಗೊಂದಲದಿಂದ ಪಾರಾಗಲು ಘಟಕಕ್ಕೆ ‘ಫೋಟೊಸೈಟ್’ ಅಥವಾ ‘ಸೆನ್ಸೆಲ್’ ಎಂಬ ಪದವನ್ನು ಬಳಸಿ, ‘ಪಿಕ್ಸೆಲ್’ ಅನ್ನು ಚಿತ್ರಕ್ಕೆ ಮೀಸಲಿಡಬೇಕು ಎಂಬ ಸಲಹೆಯಿದೆ. ಎರಡನೆಯ ಪದವನ್ನು ಸಂವೇದಕದ ಎಲಿಮೆಂಟ್ ಎಂಬರ್ಥದಲ್ಲಿ ಪಿಕ್ಸೆಲ್‌ನ ಅಚ್ಚಿನಲ್ಲಿಯೇ ಕಟ್ಟಲಾಗಿದೆ. ಬೋಧನೆಯಲ್ಲಿ ಈ ಪದಗಳಿಗೆ ಉಪಯೋಗವುಂಟು. ಬೇಯರ್ ವಿನ್ಯಾಸವನ್ನು ವಿವರಿಸುವಾಗ ಎರಡು ಪದಗಳಿದ್ದರೆ ವಾಕ್ಯವು ತಿಳಿಯಾಗುತ್ತದೆ. ಆದರೆ ಸಮಸ್ಯೆಯ ಪರಿಹಾರವೆಂದು ಅವನ್ನು ಒಪ್ಪುವುದು ಕಷ್ಟ. ಇಒಎಸ್ 70ಡಿಯ ಒಂದು ಪಿಕ್ಸೆಲ್‌ನಲ್ಲಿ ಫೋಟೊಸೈಟ್ ಒಂದೋ ಎರಡೋ? ಫೊವಿಯಾನ್‌ನ ಮೂರು ಪದರಗಳು ಒಂದೇ ಸ್ಥಾನದಲ್ಲಿರುವುದರಿಂದ ಅವು ಒಂದು ಫೋಟೊಸೈಟೋ ಮೂರು ಸೆನ್ಸೆಲ್‌ಗಳೋ? ‘ಸ್ಥಾನ’ ಎಂಬ ಅರ್ಥವಿರುವ ಪದವು ಒಂದು ಉತ್ತರದ ಕಡೆಗೂ ‘ಅಂಶ’ ಎಂಬ ಅರ್ಥವಿರುವ ಪದವು ಇನ್ನೊಂದರ ಕಡೆಗೂ ಎಳೆಯುತ್ತವೆ. ಹೊಸ ಹೆಸರು ವಸ್ತುವನ್ನು ಚಿತ್ರದಿಂದ ಬೇರ್ಪಡಿಸುತ್ತದೆ, ಆದರೆ ವಸ್ತುವಿನ ಎಲ್ಲೆಯನ್ನು ಗುರುತಿಸುವುದಿಲ್ಲ. ಎಣಿಕೆಯ ನಿಯಮವನ್ನು ನಿರೂಪಣೆಯಲ್ಲಿ ಹೇಳದೆ ಪದವನ್ನು ಮಾತ್ರ ಬದಲಿಸಿದರೆ ವಿವಾದವು ಹೊಸ ಪದಕ್ಕೆ ವರ್ಗವಾಗುತ್ತದೆ, ಅಷ್ಟೆ.

6. ಕನ್ನಡದಲ್ಲಿ

ಸಂಸ್ಕೃತ ಮೂಲದ ಅರ್ಥವಿಚಾರವು ಪದಗಳನ್ನು ಯೌಗಿಕ, ರೂಢ, ಯೋಗರೂಢ ಎಂದು ವಿಂಗಡಿಸುತ್ತದೆ. ಅವಯವಗಳಿಂದ ಅರ್ಥ ತಿಳಿಯುವಂಥದ್ದು ಯೌಗಿಕ. ಅವಯವಗಳನ್ನು ಗಣಿಸದೆ ಬಳಕೆಯಿಂದಲೇ ತಿಳಿಯುವಂಥದ್ದು ರೂಢ. ‘ಪಂಕಜ’ದಂತೆ ಎರಡೂ ಸೇರಿದ್ದು ಯೋಗರೂಢ. ‘ಪಿಕ್ಚರ್ ಎಲಿಮೆಂಟ್’ ಯೌಗಿಕವಾಗಿತ್ತು. ಅದು ‘ಪಿಕ್ಸೆಲ್’ ಎಂದು ಕುಗ್ಗಿದಾಗ ಅವಯವಗಳು ಮಸುಕಾಗಿ ಪದವು ರೂಢದ ಕಡೆಗೆ ಸರಿಯಿತು. ಚಿತ್ರವಿಲ್ಲದ ಸಂವೇದಕದ ಮೇಲೂ, ಬೆಳಕೇ ತಾಗದ ಘಟಕದ ಮೇಲೂ ಆ ಹೆಸರು ಕೂರಲು ಸಾಧ್ಯವಾದದ್ದು ಈ ಮಸುಕಿನಿಂದ.

ಕನ್ನಡದಲ್ಲಿ ‘ಪಿಕ್ಸೆಲ್’ ಎರವಲಾಗಿ ಬಂದಾಗ ಅದು ಆರಂಭದಿಂದಲೇ ರೂಢ. ಕನ್ನಡ ಕಿವಿಗೆ ಅದರಲ್ಲಿ ಅವಯವಗಳು ಕೇಳುವುದಿಲ್ಲ. ಇದಕ್ಕೆ ಬದಲು ‘ಚಿತ್ರಬಿಂದು’, ‘ಚಿತ್ರಾಂಶ’, ‘ಚಿತ್ರಕಣ’ ಎಂಬಂಥ ರೂಪಗಳನ್ನು ಕಟ್ಟಿಕೊಳ್ಳುವುದು ಕಷ್ಟವಲ್ಲ. ಇವು ಮೂರೂ ಯೌಗಿಕ. ಮೂರೂ ಘಟಕವನ್ನು ಚಿತ್ರಕ್ಕೆ ಕಟ್ಟಿಹಾಕುತ್ತವೆ. ‘ಬಿಂದು’ವಿಗೆ ರೇಖಾಗಣಿತದಲ್ಲಿ ಅಗಲವಿಲ್ಲ. ಆದ್ದರಿಂದ ‘ಚಿತ್ರಬಿಂದು’ ಎಂಬುದು ಸ್ಮಿತ್ ಅವರ ಆಕಾರವಿಲ್ಲದ ಮಾದರಿಗೆ ಇಂಗ್ಲಿಷ್ ಪದಕ್ಕಿಂತಲೂ ಚೆನ್ನಾಗಿ ಒಪ್ಪುತ್ತದೆ, ‘0.8 ಮೈಕ್ರೊಮೀಟರ್ ಅಗಲದ ಚಿತ್ರಬಿಂದು’ ಎಂದೊಡನೆ ಮಾತು ತನ್ನನ್ನೇ ಅಲ್ಲಗಳೆಯುತ್ತದೆ. ‘ನಾಲ್ಕು ಟ್ರಾನ್ಸಿಸ್ಟರಿನ ಚಿತ್ರಾಂಶ’ವೂ ಅಷ್ಟೇ ತೊಡಕಿನದು. ಪಾರದರ್ಶಕತೆಯು ಪಾರಿಭಾಷಿಕ ಪದದ ಗುಣವೆಂಬುದು ನಮ್ಮ ಪದರಚನಾ ಚರ್ಚೆಗಳಲ್ಲಿ ಬಹುಕಾಲದಿಂದ ನಡೆದುಬಂದ ನಂಬಿಕೆ. ಅರ್ಥವು ಒಂದು ವಸ್ತುವಿನಿಂದ ಇನ್ನೊಂದಕ್ಕೆ ಸರಿದ ಪದದ ವಿಷಯದಲ್ಲಿ ಅದೇ ಗುಣವು ತೊಡಕಾಗುತ್ತದೆ ಎಂಬುದನ್ನು ಈ ಉದಾಹರಣೆ ತೋರಿಸುತ್ತದೆ.

ಕನ್ನಡ ವ್ಯಾಕರಣವು ಇನ್ನೊಂದು ಸಾಕ್ಷ್ಯವನ್ನೂ ಒದಗಿಸುತ್ತದೆ. ನಪುಂಸಕ ನಾಮಪದಗಳು ಸಂಖ್ಯಾವಾಚಕದ ಮುಂದೆ ಬಹುವಚನ ಪ್ರತ್ಯಯವನ್ನು ಪಡೆಯಬಹುದು, ಬಿಡಬಹುದು: ‘ಹತ್ತು ಮರ’, ‘ಹತ್ತು ಮರಗಳು’ ಎರಡೂ ಸಾಧು. ಅಳತೆಯ ನಾಮಪದಗಳು ಈ ಸ್ಥಾನದಲ್ಲಿ ಪ್ರತ್ಯಯವನ್ನು ಸಾಮಾನ್ಯವಾಗಿ ಒಲ್ಲವು: ‘ಎರಡು ಸೇರು’, ‘ಹತ್ತು ಲೀಟರ್’. ‘ಪಿಕ್ಸೆಲ್’ ಮೊದಲ ವರ್ಗದಂತೆ ನಡೆಯುತ್ತದೆ: ‘ಐದು ಪಿಕ್ಸೆಲ್‌ಗಳು ಸತ್ತಿವೆ’. ‘ಮೆಗಾಪಿಕ್ಸೆಲ್’ ಎರಡನೆಯ ವರ್ಗದಂತೆ ನಡೆಯುತ್ತದೆ: ‘ಈ ಫೋನಿನಲ್ಲಿ 48 ಮೆಗಾಪಿಕ್ಸೆಲ್ ಇದೆ’. ಕ್ರಿಯಾಪದವು ಏಕವಚನದಲ್ಲಿರುವುದನ್ನು ಗಮನಿಸಬೇಕು. ಇಂಗ್ಲಿಷ್‌ನಲ್ಲಿ ಎರಡೂ ಪದಗಳು ಬಹುವಚನ ಪ್ರತ್ಯಯವನ್ನು ಪಡೆಯುವುದರಿಂದ ಈ ಭೇದವು ಅಷ್ಟಾಗಿ ಮೇಲಕ್ಕೆ ಬರುವುದಿಲ್ಲ. ಕನ್ನಡ ಭಾಷಿಕರ ಬಳಕೆಯು ಮೆಗಾಪಿಕ್ಸೆಲ್ ಅನ್ನು ವಸ್ತುಗಳ ಎಣಿಕೆಯಾಗಿ ಅಲ್ಲ, ಸೇರು ಲೀಟರುಗಳಂಥ ಒಂದು ಪ್ರಮಾಣವಾಗಿ ಗ್ರಹಿಸಿದೆ. ಪ್ರಮಾಣವು ಎಷ್ಟು ಹೆಚ್ಚೋ ಅಷ್ಟು ಒಳ್ಳೆಯದು ಎಂದು ತೋರುವುದು ಸಹಜ. ಯಾವ ವಸ್ತುಗಳನ್ನು ಎಣಿಸಿದ್ದೀರಿ ಎಂದು ಪ್ರಮಾಣದ ಬಗ್ಗೆ ಯಾರೂ ಕೇಳುವುದಿಲ್ಲ. ಸಂವೇದಕದ ಎಣಿಕೆಯ ವಿವಾದಗಳು ಸಾಮಾನ್ಯ ಬಳಕೆದಾರರ ಮಾತಿನಲ್ಲಿ ಪ್ರತಿಧ್ವನಿಸದಿರುವುದಕ್ಕೆ ಇದೂ ಒಂದು ಕಾರಣವಿರಬಹುದು.

ಈ ಹಿನ್ನೆಲೆಯಲ್ಲಿ ಕನ್ನಡದ ತಾಂತ್ರಿಕ ಬರವಣಿಗೆಗೆ ‘ಪಿಕ್ಸೆಲ್’ ಅನ್ನೇ ಸಾಮಾನ್ಯ ಪದವಾಗಿ ಉಳಿಸಿಕೊಂಡು, ಭೇದವು ಮುಖ್ಯವಾದಲ್ಲಿ ‘ಚಿತ್ರದ ಪಿಕ್ಸೆಲ್’, ‘ಸಂವೇದಕದ ಪಿಕ್ಸೆಲ್’, ‘ಪರದೆಯ ಪಿಕ್ಸೆಲ್’ ಎಂದು ಷಷ್ಠೀ ವಿಶೇಷಣದಿಂದ ಬೇರ್ಪಡಿಸುವುದು ಯುಕ್ತವೆನಿಸುತ್ತದೆ. ಮಾದರಿ ಮೌಲ್ಯದ ಗಣಿತವನ್ನೇ ಚರ್ಚಿಸುವ ಬರಹದಲ್ಲಿ ‘ಚಿತ್ರಬಿಂದು’ವಿಗೆ ಎಡೆಯುಂಟು. ಅದನ್ನು ‘ಪಿಕ್ಸೆಲ್’ನ ಸರ್ವಸಮಾನ ಪರ್ಯಾಯವೆಂದು ಪದಕೋಶಗಳಲ್ಲಿ ಕೊಡುವುದು ಮಾತ್ರ ಸರಿಯಲ್ಲ.

7. ಉಪಸಂಹಾರ

ಸ್ಮಿತ್ ಅವರ ಶುದ್ಧೀಕರಣದ ವಾದವೂ ಪರ್ಯಾಯ ಪದಗಳ ಸಲಹೆಯೂ ಒಂದೇ ಗ್ರಹಿಕೆಯನ್ನು ಹಂಚಿಕೊಂಡಿವೆ: ಹೆಸರು ಮತ್ತು ವಸ್ತುವಿನ ಸಂಬಂಧ ಸರಿಹೋದರೆ ಎಲ್ಲವೂ ಸರಿಹೋಗುತ್ತದೆ ಎಂಬುದು. ಎಣಿಕೆಗೆ ಒಳಗಾಗುವ ಪಾರಿಭಾಷಿಕ ಪದಗಳ ವಿಷಯದಲ್ಲಿ ಇಷ್ಟು ಸಾಲದು. ಅಂಥ ಪದದ ನಿರೂಪಣೆಯು ಅದು ಏನೆಂದು ಹೇಳುವುದರ ಜೊತೆಗೆ ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಆರಂಭವಾಗುತ್ತದೆ ಎಂಬುದನ್ನೂ ಹೇಳಬೇಕು. ನಿಘಂಟಿನ ನಿರೂಪಣೆಯೊಂದನ್ನು ಕೈಯಲ್ಲಿ ಹಿಡಿದು ಬೇಯರ್, ಫೊವಿಯಾನ್ ಮತ್ತು ಎರಡು ಡಯೋಡುಗಳ ಸಂವೇದಕಗಳನ್ನು ಎಣಿಸಲು ಹೊರಟರೆ ಅದರ ಕೊರತೆ ತಾನಾಗಿಯೇ ಹೊರಬೀಳುತ್ತದೆ. ಈ ಸರಳ ಪರೀಕ್ಷೆಯನ್ನು ‘ಕೋರ್’, ‘ಚಾನೆಲ್’ ಮುಂತಾದ ಸಂಖ್ಯೆಯೊಡನೆ ಮಾರಾಟವಾಗುವ ಇತರ ಪದಗಳಿಗೂ ಅನ್ವಯಿಸಿ ನೋಡಬಹುದು. ಕನ್ನಡದ ಪದಕೋಶ ರಚನೆಯಲ್ಲಿ ಸಮಾನಪದದ ಆಯ್ಕೆಗೆ ಸಲ್ಲುವಷ್ಟು ಗಮನವು ನಿರೂಪಣೆಯ ಈ ಭಾಗಕ್ಕೂ ಸಲ್ಲಬೇಕಾಗಿದೆ.